ಮೂಲೆಯ ಸಸಿ ಏಳದಿದ್ದರೆ: ಅಡಿಕೆ ತೋಟದ ಮಣ್ಣಲ್ಲಿ ತಾಮ್ರ ಪತ್ತೆ ಮಾಡುವ ಕೈಪಿಡಿ

ತೀರ್ಥಹಳ್ಳಿ ಕಡೆ ನಮ್ಮ ತೋಟದ ಮೇಲಿನ ಮೂಲೆಯಲ್ಲಿ ಒಂದು ಹಳೇ ಕಲ್ಲಿನ ತೊಟ್ಟಿ ಇದೆ. ಪಕ್ಕದಲ್ಲೇ ನೀರು, ಮೇಲೆ ಹದವಾದ ನೆರಳು. ಅಡಿಕೆ ಸಸಿ ಮಾಡಲು ಇದಕ್ಕಿಂತ ಒಳ್ಳೇ ಜಾಗ ಬೇಕಾ ಅಂತ ಪಾತಿ ಮಾಡಿದೆ. ಬೀಜ ಮೊಳೆತವು. ಎರಡನೇ ಎಲೆ ಬಿಡುವಷ್ಟರಲ್ಲಿ ಹೊಸ ಎಲೆಗಳೆಲ್ಲ ಬಿಳಿಚಿಕೊಂಡವು. ನರ ಮಾತ್ರ ಹಸಿರು, ನಡುವೆ ಹಳದಿ. ಯೂರಿಯಾ ಕೊಟ್ಟೆ, ಏನೂ ಆಗಲಿಲ್ಲ. ಗೊಬ್ಬರದ ಅಂಗಡಿಯಲ್ಲಿ ಕೇಳಿದರೆ ಲಘು ಪೋಷಕಾಂಶದ ಪುಡಿ ಕೊಟ್ಟರು, ಅದನ್ನೂ ಹಾಕಿದೆ, ಇನ್ನಷ್ಟು ಕೆಟ್ಟಿತು. ಆಮೇಲೆ ಪೊಟ್ಟಣ ತಿರುಗಿಸಿ ನೋಡಿದರೆ ಅದರಲ್ಲಿ ಸತು, ಬೋರಾನ್ ಜೊತೆ ತಾಮ್ರವೂ ಇತ್ತು. ತಾಮ್ರ ಜಾಸ್ತಿಯಾಗಿ ಸಾಯುತ್ತಿದ್ದ ಸಸಿಗೆ ನಾನು ಇನ್ನೊಂದು ಚಮಚ ತಾಮ್ರ ತಿನ್ನಿಸಿದ್ದೆ.

ಆ ತೊಟ್ಟಿ ಯಾವುದಕ್ಕೆ ಇತ್ತು ಅಂತ ಮೊದಲೇ ಯೋಚಿಸಬೇಕಿತ್ತು. ಅಪ್ಪನ ಕಾಲದಿಂದ ಔಷಧಿ ಹೊಡೆಯಲು ಮೈಲುತುತ್ತ (ತಾಮ್ರದ ಸಲ್ಫೇಟ್) ಕರಗಿಸಿದ್ದು, ಸುಣ್ಣ ಕಲಸಿದ್ದು, ಪಂಪು ತೊಳೆದಿದ್ದು ಎಲ್ಲ ಅಲ್ಲೇ. ಕಲ್ಲಿನ ಸಂದಿಯಲ್ಲಿ ಈಗಲೂ ಕೆರೆದರೆ ನೀಲಿ ಹಸಿರು ಪುಡಿ ಉದುರುತ್ತದೆ.

ನಾನು ತಪ್ಪಿದ್ದು ಎಲ್ಲಿ, ನೀವು ಎಲ್ಲಿಂದ ಶುರು ಮಾಡಿದರೆ ಬೇಗ ಗೊತ್ತಾಗುತ್ತದೆ ಅಂತ ಬರೆಯುತ್ತಿದ್ದೇನೆ. ಒಂದು ವಿಷಯ ತಲೆಯಲ್ಲಿ ಇಟ್ಟುಕೊಂಡರೆ ಉಳಿದದ್ದು ಸುಲಭ. ಯೂರಿಯಾ ಮಳೆಗೆ ತೊಳೆದು ಹೋಗುತ್ತದೆ. ತಾಮ್ರ, ಸೀಸ ಹಾಗಲ್ಲ, ಬಿದ್ದಲ್ಲೇ ಕೂರುತ್ತವೆ, ಮೇಲಿನ ಅರ್ಧ ಅಡಿ ಮಣ್ಣಿಗೆ, ಅದರಲ್ಲೂ ಗೊಬ್ಬರದ ಕರಿ ಅಂಶಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಹಾಗಾಗಿ ಗಿಡ ಎಲ್ಲಿ ಕೆಟ್ಟಿದೆ, ಎಲ್ಲಿ ಕೆಟ್ಟಿಲ್ಲ ಅನ್ನೋ ನಕ್ಷೆಯೇ ಅರ್ಧ ಉತ್ತರ. ಲ್ಯಾಬಿಗೆ ಓಡುವ ಮುಂಚೆ ತೋಟ ಸುತ್ತಿ.

ಮೊದಲು ಸುತ್ತಾಟ

ಒಂದು ಹಾಳೆಯಲ್ಲಿ ತೋಟದ ಅಂದಾಜು ಚಿತ್ರ ಬರೆಯಿರಿ. ಹಳದಿ ಬಿದ್ದ ಗಿಡ, ಏಳದ ಸಸಿ, ಹುಲ್ಲೂ ಸರಿಯಾಗಿ ಬಾರದ ಜಾಗ ಗುರುತು ಹಾಕಿ.

ತೋಟದ ತುಂಬಾ ಅಲ್ಲೊಂದು ಇಲ್ಲೊಂದು ದೊಡ್ಡ ಮರಗಳೇ ಹಳದಿಯಾಗಿ, ಎಲೆಯ ತುದಿಯಿಂದ ಹಳದಿ ಶುರುವಾಗಿ, ವರ್ಷದಿಂದ ವರ್ಷಕ್ಕೆ ಹಬ್ಬುತ್ತಿದ್ದರೆ ಅದು ಹಳದಿ ಎಲೆ ರೋಗ ಇರಬಹುದು. ಶೃಂಗೇರಿ, ಕೊಪ್ಪದ ಕಡೆಯವರಿಗೆ ಅದರ ಬಗ್ಗೆ ನಾನು ಹೇಳಬೇಕಾದ್ದೇನೂ ಇಲ್ಲ. ಎಲೆ ಮೇಲೆ ಚುಕ್ಕಿ ಇದ್ದು ಸುತ್ತ ಹಳದಿ ಅಂಚು ಇದ್ದರೆ ಎಲೆಚುಕ್ಕಿ. ತಗ್ಗಿನಲ್ಲಿ, ಬಸಿಗಾಲುವೆ ಕಟ್ಟಿಕೊಂಡ ಕಡೆ ಮಾತ್ರ ಇದ್ದರೆ ನೀರು ನಿಂತದ್ದು. ಬೇರು ಕಡಿದ ಹಾಗಿದ್ದರೆ ಬೇರುಹುಳು, ಅಗೆದರೆ ಕೈಗೇ ಸಿಗುತ್ತದೆ. ಇವೆಲ್ಲ ಅಲ್ಲ ಅಂತ ಆದಮೇಲೆ ಮಾತ್ರ ಮುಂದಕ್ಕೆ ಬನ್ನಿ. ಸುಮ್ನೆ ಎಲ್ಲದಕ್ಕೂ ಮಣ್ಣು ವಿಷವಾಗಿದೆ ಅನ್ನೋದು ಬೇಡ.

ತಾಮ್ರದ ಗುರುತೇ ಬೇರೆ. ದೊಡ್ಡ ಮರ ಚೆನ್ನಾಗಿಯೇ ಇರುತ್ತದೆ, ಅದರ ಬುಡದಲ್ಲಿ ನೆಟ್ಟ ಸಸಿ ಏಳುವುದಿಲ್ಲ. ದೊಡ್ಡ ಮರದ ಬೇರಿನಲ್ಲಿ ಒಂದಿಷ್ಟಾದರೂ ಕೆಳಗಿನ ಮಣ್ಣಿಗೆ ಇಳಿದಿರುತ್ತದೆ, ಎಳೇ ಸಸಿಗೆ ಮೇಲಿನ ಅರ್ಧ ಅಡಿಯೇ ಗತಿ. ತೋಟದ ನಡುವೆ ಹಾಕಿದ ಅಲಸಂದೆ, ಬೀನ್ಸ್, ಸೊಪ್ಪು ಕೈಕೊಡುತ್ತವೆ. ಹಳದಿ ಹೊಸ ಎಲೆಯಲ್ಲಿ ಇರುತ್ತದೆ, ಹಳೆಯದರಲ್ಲಿ ಅಲ್ಲ. ಸಾರಜನಕ ಕಡಿಮೆಯಾದರೆ ಇದು ಉಲ್ಟಾ, ಹಳೇ ಎಲೆ ಮೊದಲು ಹೋಗುತ್ತದೆ. ಇಷ್ಟು ನೋಡಿದ್ದರೆ ನಾನು ಯೂರಿಯಾ ಹಾಕುತ್ತಲೇ ಇರಲಿಲ್ಲ.

ಅಗೆದು ನೋಡಿ

ಒಂದು ಸಸಿಯನ್ನು ಎಳೆಯಬೇಡಿ, ಮಣ್ಣಿನ ಗಡ್ಡೆ ಸಮೇತ ಎತ್ತಿ ಬಕೆಟ್ ನೀರಲ್ಲಿ ನಿಧಾನ ಅಲ್ಲಾಡಿಸಿ ತೊಳೆಯಿರಿ. ನಮ್ಮದರಲ್ಲಿ ಬೇರು ಬೆರಳಿನ ಉದ್ದವೂ ಇರಲಿಲ್ಲ. ದಪ್ಪಗೆ, ಮೊಂಡಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಪಕ್ಕದ ಸಣ್ಣ ಬೇರು ಇರಬೇಕಾದ ಕಡೆ ಬರೀ ಗಂಟು ಗಂಟು, ಮುಳ್ಳು ತಂತಿ ತುಂಡು ಮಾಡಿದ ಹಾಗೆ. ಅಲಸಂದೆ ಹಾಕಿದ್ದರೆ ಅದರ ಬೇರಿನ ಗಂಟನ್ನೂ ಉಗುರಲ್ಲಿ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಸರಿ. ಗಂಟೇ ಇಲ್ಲದಿದ್ದರೆ ಅನುಮಾನ.

ಆಮೇಲೆ ಮೇಲಿನ ದರಗು ಸರಿಸಿ. ನನಗೆ ನಿಜವಾಗಿ ಬುದ್ಧಿ ಬಂದದ್ದು ಇಲ್ಲಿ. ತೋಟದ ಬೇರೆ ಕಡೆ ಹೋದ ವರ್ಷದ ಸೊಪ್ಪು ಈ ಮಳೆಗಾಲಕ್ಕೆ ಕರಗಿ ಮಣ್ಣಾಗಿರುತ್ತದೆ. ತೊಟ್ಟಿಯ ಪಕ್ಕ ಮಾತ್ರ ಎಷ್ಟೋ ವರ್ಷದ ಹಿಂದಿನ ಅಡಿಕೆ ಸೋಗೆ, ಸೊಪ್ಪು ಹಾಗೇ ಒಂದರ ಮೇಲೊಂದು ಹಳೇ ಪೇಪರ್ ಪೇರಿಸಿಟ್ಟ ಹಾಗೆ ಕೂತಿತ್ತು. ಎಲೆಯ ನರ ಎಣಿಸಬಹುದಿತ್ತು. ಎರೆಹುಳು ಒಂದೂ ಇಲ್ಲ. ಹತ್ತು ಮಾರು ಆಚೆ ಒಂದು ಗುದ್ದಲಿ ಮಣ್ಣು ಎತ್ತಿದರೆ ಐದಾರು ಹುಳು. ಎರೆಹುಳು, ಶಿಲೀಂಧ್ರ ಎರಡಕ್ಕೂ ತಾಮ್ರ ಆಗುವುದಿಲ್ಲ. ಅಡಿಕೆ ಕಾಯಿ ಕೊಳೆಸಿ ಉದುರಿಸುವ ಕೊಳೆರೋಗ ಸಾಯಲಿ ಅಂತಲೇ ನಾವು ಅದನ್ನು ಹೊಡೆಯೋದು, ಅಲ್ವಾ? ನೆಲಕ್ಕೆ ಬಿದ್ದ ಮೇಲೂ ಅದು ಅದೇ ಕೆಲಸ ಮಾಡುತ್ತದೆ, ಒಳ್ಳೆಯದು ಕೆಟ್ಟದ್ದು ನೋಡುವುದಿಲ್ಲ.

ಎಷ್ಟು ಬಿದ್ದಿರಬಹುದು, ಲೆಕ್ಕ ಹಾಕೋಣ

ಮೈಲುತುತ್ತ, ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಕೊಳೆರೋಗದ ಮೇಲೆ ಕೆಲಸ ಮಾಡಿ ಅದನ್ನು ಅಡಿಕೆಗೆ ತಂದರು. ಅದಕ್ಕೆ ಮುಂಚೆ ಅಡಿಕೆ ಗೊನೆಗೆ (ನಾವು ಕೊನೆ ಅನ್ನುತ್ತೇವೆ) ಮಳೆ ತಾಗದ ಹಾಗೆ ಕೊಟ್ಟೆ, ಅಂದರೆ ಟೋಪಿಯಂಥ ಹೊದಿಕೆ ಕಟ್ಟುತ್ತಿದ್ದರು. ಬೋರ್ಡೋ ಇಲ್ಲದಿದ್ದರೆ ಆಗುಂಬೆ ಸುತ್ತಿನ ಮಳೆಯಲ್ಲಿ ಅಡಿಕೆ ಉಳಿಯುವುದು ಕಷ್ಟ. ಆದ್ದರಿಂದ ಔಷಧಿ ಹೊಡೆಯೋದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಇಡಿ ಅಂತ ಹೇಳುತ್ತಿದ್ದೇನೆ.

ಶೇ. 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿ ಕಾಲು ಭಾಗ ತಾಮ್ರ. ನಮ್ಮಲ್ಲಿ ಎಕರೆಗೆ ಒಂದು ಸಲಕ್ಕೆ 200 ಲೀಟರಿನ ಎರಡು ಡ್ರಮ್ ಹೋಗುತ್ತದೆ. ಅಂದರೆ 4 ಕಿಲೋ ಮೈಲುತುತ್ತ, 1 ಕಿಲೋ ತಾಮ್ರ. ವರ್ಷಕ್ಕೆ ಎರಡು ಸಲ ಹೊಡೆದರೆ 2 ಕಿಲೋ. ಕೊನೆ ಕೊಯ್ದಾಗ ಸ್ವಲ್ಪ ಹೊರಗೆ ಹೋಗಬಹುದು, ಉಳಿದದ್ದು ಮಳೆಗೆ ತೊಳೆದು ನೆಲಕ್ಕೇ. 40 ವರ್ಷಕ್ಕೆ 80 ಕಿಲೋ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 8 ಲಕ್ಷ ಕಿಲೋ ತೂಗುತ್ತದೆ. ಭಾಗಿಸಿದರೆ ಕಿಲೋ ಮಣ್ಣಿಗೆ 100 ಮಿಲಿಗ್ರಾಂ, ಮಣ್ಣಲ್ಲಿ ಮೊದಲೇ ಇದ್ದದ್ದನ್ನು ಬಿಟ್ಟು. ಹೋಲಿಕೆಗೆ ಹೇಳುವುದಾದರೆ, ಯುರೋಪಿನಲ್ಲಿ ಚರಂಡಿ ಕೆಸರಿನ ಗೊಬ್ಬರ ಹಾಕುವ ಹೊಲಕ್ಕೆ ತಾಮ್ರದ ಮಿತಿಯನ್ನು 50ರಿಂದ 140 ಮಿಲಿಗ್ರಾಂ ಒಳಗೆ ಇಟ್ಟಿದ್ದಾರೆ. ಅಲ್ಲಿ ಬೆಳೆಗೆ ಹೊಡೆಯುವ ತಾಮ್ರಕ್ಕೂ 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಅಂತ ಮಿತಿ ಇದೆ, ಅಂದರೆ ವರ್ಷಕ್ಕೆ 4. ನಮ್ಮದು ಹೆಕ್ಟೇರಿಗೆ 5 ಆಯಿತು. ಮೂರು ಸಲ ಹೊಡೆಯುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಿ.

ಇದು ತೋಟಕ್ಕೆಲ್ಲ ಹರಡಿದ ಸರಾಸರಿ. ಅಡಿಕೆ ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬುಡದ ಲೆಕ್ಕ ಹಾಕಿದಾಗ ನನಗೇ ಗಾಬರಿಯಾಯಿತು. ಸೊರಗು ರೋಗಕ್ಕೆ ಅಂತ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 2 ಗ್ರಾಂ ಹಾಕಿ ಬುಡಕ್ಕೆ 5 ಲೀಟರ್ ಸುರಿಯುತ್ತೇವೆ. ಆ ಪುಡಿಯಲ್ಲಿ ಅರ್ಧ ತಾಮ್ರ. ಒಂದು ಬಳ್ಳಿಗೆ ಒಂದು ಸಲಕ್ಕೆ 5 ಗ್ರಾಂ. ಬುಡದಿಂದ ಸುತ್ತಲೂ ಒಂದೂವರೆ ಅಡಿ ದೂರದವರೆಗಿನ ಮಣ್ಣು ಹಿಡಿದರೆ, ಅರ್ಧ ಅಡಿ ಆಳಕ್ಕೆ ಸುಮಾರು 130 ಕಿಲೋ. ಒಂದೇ ಸಲಕ್ಕೆ ಕಿಲೋ ಮಣ್ಣಿಗೆ 30 ಮಿಲಿಗ್ರಾಂ ಚಿಲ್ಲರೆ! ವರ್ಷಕ್ಕೆರಡು ಸಲದ ಹಾಗೆ ಎರಡು ವರ್ಷ ಸುರಿದರೆ, 40 ವರ್ಷ ಅಡಿಕೆಗೆ ಹೊಡೆದದ್ದಕ್ಕಿಂತ ಜಾಸ್ತಿ ಆ ಒಂದು ಬುಡದಲ್ಲಿ ಕೂತಿತು. ಮೆಣಸು ಸತ್ತ ಬುಡಕ್ಕೇ ಮತ್ತೆ ಮತ್ತೆ ಬಳ್ಳಿ ನೆಟ್ಟು ಅದು ಹತ್ತುತ್ತಲೇ ಇಲ್ಲ ಅನ್ನುವವರು ರೋಗವನ್ನು ಮಾತ್ರ ಬೈಯುವ ಮುಂಚೆ ಆ ಬುಡಕ್ಕೆ ಎಷ್ಟು ಸಲ ಸುರಿದಿದ್ದೇವೆ ಅಂತ ನೆನಪಿಸಿಕೊಳ್ಳಿ.

ಮಣ್ಣು ಆರೋಗ್ಯ ಕಾರ್ಡಿನಲ್ಲಿ ಯಾಕೆ ಸಿಗುವುದಿಲ್ಲ

2015ರಿಂದ ಕೊಡುತ್ತಿರುವ ಕಾರ್ಡಿನಲ್ಲಿ 12 ಅಂಶ ಇರುತ್ತವೆ, ಅದರಲ್ಲಿ ತಾಮ್ರವೂ ಒಂದು. ನಮ್ಮ ಕಾರ್ಡಿನಲ್ಲಿ ತಾಮ್ರದ ಎದುರು "ಸಾಕಷ್ಟು" ಅಂತ ಇತ್ತು, ನಾನು ಖುಷಿಯಾಗಿದ್ದೆ. ಆ ಪರೀಕ್ಷೆ ಕೇಳುವುದು ಕೊರತೆ ಇದೆಯಾ ಅಂತ ಮಾತ್ರ. ಡಿಟಿಪಿಎ ಅನ್ನೋ ದ್ರಾವಣದಲ್ಲಿ ಬಿಟ್ಟುಕೊಳ್ಳುವ ತಾಮ್ರ ಕಿಲೋಗೆ 0.2 ಮಿಲಿಗ್ರಾಂ ದಾಟಿದರೆ ಸಾಕಷ್ಟು. 2 ಇದ್ದರೂ ಸಾಕಷ್ಟು, 40 ಇದ್ದರೂ ಸಾಕಷ್ಟು. ಆದ್ದರಿಂದ ಪದ ಓದಬೇಡಿ, ಪಕ್ಕದ ಸಂಖ್ಯೆ ಓದಿ. ಅದೂ ಒಂದೇ ಸಂಖ್ಯೆಯಿಂದ ಏನೂ ಗೊತ್ತಾಗುವುದಿಲ್ಲ, ಹೋಲಿಸಲು ಇನ್ನೊಂದು ಬೇಕು.

ಆ ಇನ್ನೊಂದು ನಿಮ್ಮ ಸೊಪ್ಪಿನ ಬೆಟ್ಟದಲ್ಲೇ ಇದೆ, ಅಂದರೆ ತೋಟಕ್ಕೆ ಸೊಪ್ಪು ತರುವ ಪಕ್ಕದ ಕಾಡುಗುಡ್ಡದಲ್ಲಿ. ಔಷಧಿ ಕಾಣದ, ಅದೇ ಇಳಿಜಾರಿನ ಮಣ್ಣು. ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಕಲ್ಲುಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಮೊದಲಿಂದಲೂ ಜಾಸ್ತಿ. ಕುಂಸಿಯಲ್ಲಿ ಮ್ಯಾಂಗನೀಸ್ ಅಗೆದಿದ್ದು, ಕೆಮ್ಮಣ್ಣುಗುಂಡಿಯ ಅದಿರು ಭದ್ರಾವತಿಗೆ ಹೋದದ್ದು ಎಲ್ಲರಿಗೂ ಗೊತ್ತಿದೆ. ಕೆಲವು ಕಡೆ ನಿಕ್ಕಲ್, ಕ್ರೋಮಿಯಂ ಸಹ ಕಲ್ಲಿನಿಂದಲೇ ಬಂದಿರುತ್ತದೆ. ಎಲ್ಲೋ ಓದಿದ ಸರಾಸರಿ ಜೊತೆ ನಮ್ಮ ಮಣ್ಣು ಹೋಲಿಸಿದರೆ ಎಲ್ಲವೂ ಮಾಲಿನ್ಯ ಅಂತಲೇ ಕಾಣುತ್ತದೆ. ಬೆಟ್ಟದ ಮಣ್ಣಿನ ಜೊತೆ ಹೋಲಿಸಿದರೆ ನಾವು ಹಾಕಿದ್ದು ಎಷ್ಟು, ದೇವರು ಕೊಟ್ಟದ್ದು ಎಷ್ಟು ಅಂತ ಬೇರೆಯಾಗುತ್ತದೆ.

ಗದ್ದೆಯ ಕಾಲುವೆಯಲ್ಲಿ ತುಕ್ಕಿನ ಬಣ್ಣದ ಜಿಡ್ಡು, ಮೇಲೆ ಎಣ್ಣೆ ಪದರ ಕಂಡು ಯಾರೋ ವಿಷ ಬಿಟ್ಟರು ಅಂತ ಫೋಟೋ ಕಳಿಸುವವರು ಇದ್ದಾರೆ. ಒಂದು ಕಡ್ಡಿ ತಗೊಂಡು ಪದರ ಚುಚ್ಚಿ. ಗಾಜಿನ ಹಾಗೆ ಚೂರು ಚೂರಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾ ಕೆಲಸ. ಸೀಳಿದ್ದು ಮತ್ತೆ ಕೂಡಿಕೊಂಡರೆ ಎಣ್ಣೆ.

ಕುಂಡದ ಪರೀಕ್ಷೆ

ದುಡ್ಡು ಖರ್ಚಿಲ್ಲದ, ನಾನು ತುಂಬಾ ನಂಬುವ ಪರೀಕ್ಷೆ ಇದು. ನಾಲ್ಕು ಕುಂಡ ಬೇಕು, ತಳದಲ್ಲಿ ತೂತು ಮಾಡಿದ ಹಳೇ ಡಬ್ಬವೂ ಆಗುತ್ತದೆ. ಒಂದಕ್ಕೆ ಅನುಮಾನದ ಜಾಗದ ಮೇಲ್ಮಣ್ಣು. ಎರಡನೆಯದಕ್ಕೆ ಅದೇ ಗುಂಡಿಯಲ್ಲಿ ಎರಡಡಿ ಕೆಳಗಿನ ಮಣ್ಣು. ಮೂರನೆಯದಕ್ಕೆ ಬೆಟ್ಟದ ಮಣ್ಣು. ನಾಲ್ಕನೆಯದಕ್ಕೆ ಮತ್ತೆ ಅನುಮಾನದ ಮೇಲ್ಮಣ್ಣು, ಆದರೆ ಕಿಲೋಗೆ ಒಂದು ಸಣ್ಣ ಚಮಚ ಕೃಷಿ ಸುಣ್ಣ ಬೆರೆಸಿ ವಾರ ಬಿಟ್ಟು. ಎಲ್ಲದಕ್ಕೂ ಬೀನ್ಸ್ ಅಥವಾ ಸಾಸಿವೆ ಬಿತ್ತಿ, ಒಂದೇ ನೆರಳಲ್ಲಿ ಇಟ್ಟು, ಒಂದೇ ನೀರು ಕೊಡಿ. ಮೂರು ವಾರಕ್ಕೆ ಕಿತ್ತು ಬೇರು ತೊಳೆದು ಸಾಲಾಗಿ ಬಿಳಿ ಬಟ್ಟೆ ಮೇಲೆ ಇಡಿ.

ಮೇಲ್ಮಣ್ಣಿನದು ಮೊಂಡು ಬೇರು, ಕೆಳಗಿನ ಮಣ್ಣಿನದು ಪರವಾಗಿಲ್ಲ ಅಂತಾದರೆ, ಮೇಲಿಂದ ಏನೋ ಬಿದ್ದಿದೆ ಅಂತ ಅರ್ಥ. ಮಲೆನಾಡಿನ ಹುಳಿ ಮಣ್ಣಲ್ಲಿ ಅಲ್ಯೂಮಿನಿಯಂ ಕೂಡ ಬೇರನ್ನು ಹೀಗೇ ಮೊಂಡು ಮಾಡುತ್ತದೆ, ಎಲ್ಲರೂ ಎಡವುವುದು ಇಲ್ಲೇ. ಆದರೆ ಅಲ್ಯೂಮಿನಿಯಂ ಕಾಟ ಸಾಮಾನ್ಯವಾಗಿ ಕೆಳಗೆ ಹೋದಷ್ಟೂ ಜಾಸ್ತಿ, ತಾಮ್ರ ಮೇಲೆ ಜಾಸ್ತಿ. ಸುಣ್ಣಕ್ಕೆ ಎರಡೂ ಬಗ್ಗುತ್ತವೆ, ಹಾಗಾಗಿ ನಾಲ್ಕನೇ ಕುಂಡ ಚೆನ್ನಾಗಿ ಬಂತು ಅಂದ ಮಾತ್ರಕ್ಕೆ ತಾಮ್ರ ಅಂತ ಹೇಳಬೇಡಿ. ಸುಣ್ಣ ಕೊಟ್ಟರೆ ಉಪಯೋಗ ಇದೆ ಅಂತ ಮಾತ್ರ ಅದು ಹೇಳುತ್ತದೆ. ನಾಲ್ಕರಲ್ಲೂ ಗಿಡ ಚೆನ್ನಾಗಿದ್ದರೆ ತಪ್ಪು ಮಣ್ಣಿನದಲ್ಲ, ನೀರು, ನೆರಳು, ಬಸಿಯುವಿಕೆ ಕಡೆ ನೋಡಿ.

ಒಂದು ಎಚ್ಚರಿಕೆ. ನಮ್ಮಲ್ಲಿ ಕೆಲವು ವರ್ಷಕ್ಕೊಮ್ಮೆ ತೋಟಕ್ಕೆ ಹೊಸ ಮಣ್ಣು ಹೊಡೆಯುವ ಪದ್ಧತಿ ಇದೆ. ಹಾಗೆ ಮಾಡಿದ ತೋಟದಲ್ಲಿ ಹಳೇ ತಾಮ್ರದ ಪದರ ಒಂದಡಿ ಕೆಳಗೆ ಹೂತು ಹೋಗಿರಬಹುದು. ಗುಂಡಿಯ ಗೋಡೆ ನೀಟಾಗಿ ಕೆತ್ತಿ ನೋಡಿ. ಕೆಂಪು ಮಣ್ಣಿನ ಕೆಳಗೆ ಕಪ್ಪು ಪಟ್ಟಿ ಕಂಡರೆ ಅದೇ ಹಿಂದಿನ ನೆಲ. ಅದನ್ನು ಬೇರೆ ಕುಂಡದಲ್ಲೇ ಹಾಕಿ.

ಜೊತೆಗೆ ಇನ್ನೊಂದು ಸಣ್ಣ ಪರೀಕ್ಷೆ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಹಳದಿ ಎಲೆಯ ಅರ್ಧ ಭಾಗಕ್ಕೆ ಮಾತ್ರ ಬ್ರಷ್ಷಿನಲ್ಲಿ ಹಚ್ಚಿ. ವಾರ ಹತ್ತು ದಿನದಲ್ಲಿ ಹಚ್ಚಿದ ಕಡೆ ಹಸಿರಾದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಕೆಂಪು ಮಣ್ಣು, ಕಬ್ಬಿಣದ ರಾಶಿ ಮೇಲೆ ನಿಂತ ಗಿಡಕ್ಕೆ ಕಬ್ಬಿಣ ಯಾಕೆ ಸಿಗುತ್ತಿಲ್ಲ? ತಾಮ್ರ ಬೇರಿನಲ್ಲಿ ಅಡ್ಡ ಕೂತಿದೆ ಅಂತ ಅನುಮಾನ ಪಡಲು ಇಷ್ಟು ಸಾಕು.

ಲ್ಯಾಬಿಗೆ ಕಳಿಸುವಾಗ

ಒಟ್ಟು ತಾಮ್ರ ಬೇಕು ಅಂತ ಕೇಳಿ, ಕಾರ್ಡಿನಲ್ಲಿ ಬರುವ ಲಭ್ಯ ತಾಮ್ರ ಮಾತ್ರ ಸಾಲದು, ಪಿಎಚ್ (ಮಣ್ಣಿನ ಹುಳಿಯ ಅಳತೆ) ಮತ್ತು ಸಾವಯವ ಇಂಗಾಲವೂ ಬೇಕು. ಒಟ್ಟು ಲೋಹಕ್ಕೆ ಮಣ್ಣನ್ನು ಆಮ್ಲದಲ್ಲಿ ಕುದಿಸಿ ಯಂತ್ರದಲ್ಲಿ ಅಳೆಯಬೇಕು, ಎಲ್ಲ ಕಡೆ ಮಾಡುವುದಿಲ್ಲ, ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಗೊಬ್ಬರಕ್ಕೆ ಮಣ್ಣು ತೆಗೆಯುವಾಗ ಹತ್ತು ಕಡೆಯದ್ದು ಬೆರೆಸುತ್ತೇವಲ್ಲ, ಇಲ್ಲಿ ಕೆಟ್ಟ ಜಾಗದ ಮಣ್ಣನ್ನು ಒಳ್ಳೆಯದರ ಜೊತೆ ಬೆರೆಸಿದರೆ ಕಳ್ಳನನ್ನು ಜಾತ್ರೆಯಲ್ಲಿ ಬಿಟ್ಟ ಹಾಗೆ. ಕೆಟ್ಟ ಜಾಗ, ತೋಟದ ನಡು, ಬೆಟ್ಟ, ಮೂರನ್ನೂ ಬೇರೆ ಬೇರೆ ಕೊಡಿ. ತಗಡಿನ ಬಕೆಟ್ ಬೇಡ, ಅದರಲ್ಲಿ ಸತು ಇರುತ್ತದೆ. ಗೊಬ್ಬರದ ಖಾಲಿ ಚೀಲವೂ ಬೇಡ. ನಮ್ಮ ತೊಟ್ಟಿ ಪಕ್ಕದ್ದು ಬೆಟ್ಟದ ಮಣ್ಣಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಬಂತು. ತೋಟದ ನಡುವಿನದು ಅಷ್ಟಿರಲಿಲ್ಲ. ನಕ್ಷೆಯಲ್ಲಿ ಕಂಡದ್ದೇ ಕಾಗದದಲ್ಲೂ ಬಂತು.

ತಾಮ್ರ ಅಲ್ಲದಿದ್ದರೆ

ಹಾಳಾದ ಜಾಗ ಎಲ್ಲಿದೆ ಅನ್ನುವುದೇ ಇಲ್ಲೂ ದಾರಿ ತೋರಿಸುತ್ತದೆ. ಹಳೇ ಬ್ಯಾಟರಿ ಒಡೆದ ಜಾಗ, ಹಳೇ ಬಣ್ಣ ಕೆರೆದ ಗೋಡೆಯ ಬುಡ ಆದರೆ ಸೀಸ. ರಸ್ತೆ ಅಂಚಿನ ಮಣ್ಣಲ್ಲೂ ಸೀಸ ಇರಬಹುದು. ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ, ಅಷ್ಟರೊಳಗೆ ಬಿದ್ದದ್ದು ಎಲ್ಲಿಗೂ ಹೋಗಿಲ್ಲ. ಟೈರ್ ಸುಟ್ಟ ಜಾಗದಲ್ಲಿ ಸತು. ಕೋಳಿ ಗೊಬ್ಬರ ಲಾರಿಗಟ್ಟಲೆ ಸುರಿದ ಕಡೆ ತಾಮ್ರ, ಸತು ಎರಡೂ, ಯಾಕೆಂದರೆ ಕೋಳಿ ಆಹಾರಕ್ಕೇ ಅವನ್ನು ಸೇರಿಸುತ್ತಾರೆ. ಪೇಟೆ ಕಸದ ಗೊಬ್ಬರಕ್ಕೆ ನಮ್ಮ ದೇಶದ ನಿಯಮದಲ್ಲೇ ಮಿತಿ ಇದೆ, ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5, ತಾಮ್ರ 300. ಕೊಳ್ಳುವ ಮುಂಚೆ ಪರೀಕ್ಷೆಯ ಕಾಗದ ಕೇಳಿ.

ಕ್ಯಾಡ್ಮಿಯಂ ಮಾತ್ರ ಬೇರೆ ಜಾತಿ. ರಂಜಕದ ಗೊಬ್ಬರದ ಕಲ್ಲಿನಲ್ಲೇ ಸ್ವಲ್ಪ ಇರುತ್ತದೆ. ತಾಮ್ರ ಜಾಸ್ತಿಯಾದರೆ ಗಿಡವೇ ಮೊದಲು ಸಾಯುತ್ತದೆ, ನಮ್ಮ ತಟ್ಟೆಗೆ ಬರುವುದು ಕಡಿಮೆ. ಕ್ಯಾಡ್ಮಿಯಂ ಇದ್ದರೆ ಗಿಡ ಹಸಿರಾಗಿ ನಗುತ್ತಲೇ ಇರುತ್ತದೆ, ಸೊಪ್ಪಿನ ಮೂಲಕ ನಮಗೆ ಬರುತ್ತದೆ. ಹುಳಿ ಮಣ್ಣಲ್ಲಿ ಇನ್ನೂ ಸುಲಭವಾಗಿ. ಇದಕ್ಕೆ ಕುಂಡದ ಪರೀಕ್ಷೆ ಪ್ರಯೋಜನಕ್ಕೆ ಬರುವುದಿಲ್ಲ, ಲ್ಯಾಬೇ ಗತಿ.

ಏನು ಮಾಡೋದು

ತೆಗೆಯಲು ಆಗುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳಿ. ಸೂರ್ಯಕಾಂತಿ, ಸಾಸಿವೆ ಬೆಳೆದರೆ ಲೋಹ ಹೀರಿಕೊಳ್ಳುತ್ತದೆ ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಎಕರೆಗೆ 2 ಟನ್ ಒಣ ಸೊಪ್ಪು ಬಂದು, ಕಿಲೋಗೆ 20 ಮಿಲಿಗ್ರಾಂ ತಾಮ್ರ ಹೊತ್ತುಕೊಂಡು ಹೋದರೂ ವರ್ಷಕ್ಕೆ 40 ಗ್ರಾಂ. ನಮ್ಮ 80 ಕಿಲೋ ಮುಗಿಯಲು 2000 ವರ್ಷ ಬೇಕು.

ಆಗುವುದು ಅದನ್ನು ಸುಮ್ಮನೆ ಕೂರಿಸುವುದು. ಪಿಎಚ್ ಐದರ ಹತ್ತಿರ ಇದ್ದರೆ ಪರೀಕ್ಷೆಯಲ್ಲಿ ಹೇಳಿದಷ್ಟು ಸುಣ್ಣ ಕೊಟ್ಟು ಆರು, ಆರೂವರೆಗೆ ತನ್ನಿ. ಕಳಿತ ಗೊಬ್ಬರ ಧಾರಾಳ ಹಾಕಿ, ತಾಮ್ರ ಅದಕ್ಕೆ ಅಂಟಿ ಬೇರಿಗೆ ಸಿಗದ ಹಾಗಾಗುತ್ತದೆ. ಹೊಸ ಸಸಿ ನೆಡುವಾಗ ಗುಂಡಿಯ ಮೇಲ್ಮಣ್ಣು ಆಚೆ ಹಾಕಿ, ಬೆಟ್ಟದ ಮಣ್ಣು, ಗೊಬ್ಬರ ತುಂಬಿ ನೆಡಿ. ಇಷ್ಟೇ ಮಾಡಿದರೂ ಸಸಿ ಎದ್ದು ನಿಲ್ಲುತ್ತದೆ, ಬೇರು ಕೆಳಗೆ ಇಳಿದ ಮೇಲೆ ತನ್ನ ಪಾಡು ತಾನು ನೋಡಿಕೊಳ್ಳುತ್ತದೆ.

ಇನ್ನು ಹೊಸದಾಗಿ ಬೀಳುವುದನ್ನು ಕಡಿಮೆ ಮಾಡಬೇಕು. ಮಿಶ್ರಣ ಸರಿ ಇದೆಯಾ ಅಂತ ಕತ್ತಿ ಅದ್ದಿ ನೋಡುವ ಹಳೇ ಪದ್ಧತಿ ಬಿಡಬೇಡಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಹಾಕಿ. ಕೈಗೆ ಇರಲಿ ಅಂತ ಮೈಲುತುತ್ತ ಒಂದು ಹಿಡಿ ಜಾಸ್ತಿ ಹಾಕುವುದು ನಮ್ಮ ಮನೆಯಲ್ಲೂ ಇತ್ತು, ಅದರಿಂದ ಕೊಳೆ ಕಡಿಮೆಯಾದದ್ದು ನಾನಂತೂ ನೋಡಿಲ್ಲ. ಔಷಧಿ ಅಡಿಕೆ ಕೊನೆಯ ಮೇಲೆ ಸರಿಯಾಗಿ ಬಿದ್ದರೆ ಸಾಕು, ಮರವಿಡೀ ತೋಯಬೇಕಿಲ್ಲ. ಕೈಗೆಟಕುವ ಚಿಕ್ಕ ಮರಗಳಿಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೂ ನಡೆಯುತ್ತದೆ. ಮೆಣಸಿನ ಬುಡಕ್ಕೆ ಪ್ರತಿ ಸಲವೂ ತಾಮ್ರವನ್ನೇ ಸುರಿಯುವ ಬದಲು ಒಂದು ಸಲ ತಾಮ್ರವಿಲ್ಲದ ಪೊಟ್ಯಾಸಿಯಂ ಫಾಸ್ಫೊನೇಟ್ ಕೊಡಿ.

ಆ ತೊಟ್ಟಿಯ ಸುತ್ತಲಿನ ಮಣ್ಣನ್ನು ಒಂದಡಿ ಕೆರೆದು ಹಳ್ಳಕ್ಕೆ ಹಾಕಿಬಿಡೋಣ ಅಂದ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗಾರ. ಹಳ್ಳದಲ್ಲಿ ಮೀನಿದೆ, ಕೆಳಗಿನ ಮನೆಯವರು ಅದೇ ನೀರು ಬಳಸುತ್ತಾರೆ, ಬೇಡ ಅಂದೆ. ಕೆರೆಯಲೂ ಇಲ್ಲ. ಸುಣ್ಣ ಬೆರೆಸಿ, ಮೇಲೆ ಕಲ್ಲು ಹಾಸಿ, ಈಗ ಅಲ್ಲಿ ಸೌದೆ ಒಟ್ಟಿದ್ದೇವೆ. ಈ ಮಳೆಗಾಲಕ್ಕೆ ಡ್ರಮ್ ಇಟ್ಟದ್ದು ಅಂಗಳದ ಸಿಮೆಂಟಿನ ಮೇಲೆ, ಡ್ರಮ್ ತೊಳೆದ ನೀರನ್ನು ಮಾರನೇ ದಿನದ ಡ್ರಮ್ಮಿಗೇ ಸುರಿದೆವು. ಸಸಿ ಪಾತಿ ಬೆಟ್ಟದ ಬುಡಕ್ಕೆ ಹೋಯಿತು. ನೀರು ಹೊರುವುದು ಕಷ್ಟ, ದಿನಾ ಸಂಜೆ ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೇನೆ, ಆದರೆ ನಾಲ್ಕನೇ ಎಲೆ ಹಸಿರಾಗಿ ಬಂದಿದೆ.